ಒಂದೇ ಉಸಿರಿನ ಶಾಪ

ನಮ್ಮ ದೊಡ್ಡಮ್ಮನಷ್ಟು ಚೆನ್ನಾಗಿ ಶಾಪ ಹಾಕುವವರನ್ನು ನಾನು ಕಂಡಿಲ್ಲ. ಇದನ್ನು ಎದೆಯುಬ್ಬಿಸಿಯೇ ಹೇಳುತ್ತೇನೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವುದು ಅವಳ ಕಸುಬು, ಮಾಸಪತ್ರಿಕೆಗೆ ದೆವ್ವ-ಮಾಟದ ಧಾರಾವಾಹಿ ಬರೆಯುವುದು ಅವಳ ಹುಚ್ಚು. ಶಾಪವನ್ನು ಅವಳು ಬರೆಯುವ ಮೊದಲು ಗಟ್ಟಿಯಾಗಿ ಹೇಳಿ ನೋಡುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಅಂಗಿಯ ಬೆನ್ನಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ, ಒಂದೇ ಉಸಿರಿಗೆ, ಶಾಪ ಮುಗಿಯಬೇಕು. ನಡುವೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಅದು ಶಾಪವಲ್ಲ, ಗೊಣಗಾಟ ಎನ್ನುತ್ತಿದ್ದಳು. ಬಟ್ಟೆ ಕೊಡಲು ಬಂದ ಹೊಸಬರು "ನಿನ್ನ ವಂಶ ನಿರ್ವಂಶವಾಗಲಿ" ಎಂಬುದು ಕಿವಿಗೆ ಬಿದ್ದು ಬಟ್ಟೆಯ ಸಮೇತ ವಾಪಸಾದದ್ದೂ ಉಂಟು.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಶಾಪ ಕೊಟ್ಟ ಬಾಯೇ ಬಿಡುಗಡೆಯ ದಾರಿಯನ್ನೂ ಹೇಳುತ್ತಿತ್ತು. ಕಲ್ಲಾದವನು ಎದ್ದು ಬರುತ್ತಿದ್ದ, ಹಾವಾದವಳು ಮತ್ತೆ ಹೆಣ್ಣಾಗುತ್ತಿದ್ದಳು. ದೊಡ್ಡಮ್ಮನಿಗೆ ಅದು ಸೇರದು. ಓಡಿಹೋಗಲು ಬಾಗಿಲು ತೆರೆದಿಟ್ಟು ಹೆದರಿಸಿದರೆ ಯಾರು ಹೆದರುತ್ತಾರೆ ಎಂಬುದು ಅವಳ ವಾದ. ಅವಳ ಕಥೆಗಳಲ್ಲಿ ಶಾಪ ತಗುಲಿದ ಒಬ್ಬರೂ ಬಚಾವಾದದ್ದಿಲ್ಲ. ಓದುಗರು ಅದಕ್ಕೇ ಮುಗಿಬೀಳುತ್ತಿದ್ದರು, ಸಂಪಾದಕರು ಅದಕ್ಕೇ ಅವಳನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು.

ಮನೆಗಳನ್ನು ಮಾತ್ರ ಅವಳು ಕಲ್ಪಿಸಿಕೊಳ್ಳುತ್ತಿರಲಿಲ್ಲ, ನಮ್ಮ ಬೀದಿಯಿಂದಲೇ ಎತ್ತುತ್ತಿದ್ದಳು. ಆ ಸಲ ಎತ್ತಿದ್ದು ಲಾಂಡ್ರಿಯ ಎದುರಿನ ವಾಚ್ ರಿಪೇರಿಯವರ ಮನೆಯನ್ನು. ಹಸಿರು ಬಾಗಿಲು, ಒಳಗೆ ಒಂದೊಂದೂ ಬೇರೆ ಬೇರೆ ಹೊತ್ತು ತೋರಿಸುವ ಗಡಿಯಾರಗಳು, ಎಲ್ಲವೂ ಇದ್ದ ಹಾಗೇ ಕಥೆಗೆ ಬಂದವು. ವಾಚ್ ರಿಪೇರಿಯವರ ಹೆಂಡತಿಯನ್ನು ಬೀದಿಯವರೆಲ್ಲ ರೇಡಿಯೊ ಎನ್ನುತ್ತಿದ್ದರು, ಬೆಳಿಗ್ಗೆ ತೆರೆದ ಬಾಯಿಯನ್ನು ಮಲಗುವವರೆಗೂ ಮುಚ್ಚಿದವಳಲ್ಲ. ಕಥೆಯಲ್ಲಿ ಆ ಮನೆಯ ಬಾಯಿಬಡುಕಿಗೆ ಮುದುಕಿಯೊಬ್ಬಳು, "ನಿನ್ನ ಮಾತು ನಿನ್ನ ಗಂಟಲಲ್ಲೇ ಹೂತುಹೋಗಲಿ" ಎಂದು ಶಪಿಸುತ್ತಾಳೆ. ರೇಡಿಯೊಗೆ ಬೇಜಾರಾಗಲಿಲ್ಲ. ಪತ್ರಿಕೆ ಹಿಡಿದು ಮನೆಮನೆಗೆ ಹೋಗಿ, ಇದು ನಾನೇ ಎಂದು ಬೀಗಿದಳು.

ಮುಂದಿನ ಕಂತು ಬರುವ ಮೊದಲೇ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಮಾತ್ರ ನಿಂತುಹೋಯಿತು. ಈಗಿನಿಂದಲೇ ಅಭ್ಯಾಸ ಮಾಡಿದರೆ ಬರುತ್ತದೆ, ತಡಮಾಡಿದಷ್ಟೂ ಕಷ್ಟ ಎಂದು ಆಸ್ಪತ್ರೆಯವರು ಮಾತು ಕಲಿಸುವವಳೊಬ್ಬಳನ್ನು ಮನೆಗೇ ಕಳಿಸಿದರು. ರೇಡಿಯೊ ಅವಳಿಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ದೊಡ್ಡಮ್ಮ ಬರೆದದ್ದನ್ನೆಲ್ಲ ಓದಿದ್ದವಳಿಗೆ ಶಾಪ ತಗುಲಿದವರ ಗತಿ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ದಿನ ವಾಚ್ ರಿಪೇರಿಯವರು ಲಾಂಡ್ರಿಗೆ ಬಂದರು. ಜಗಳವಾಡಲಿಲ್ಲ.

"ಅಕ್ಕಾ, ನಾನು ಇದನ್ನೆಲ್ಲ ನಂಬಲ್ಲ. ಆದ್ರೆ ಅವಳು ನಂಬಿದಾಳೆ. ಕಥೇಲಿ ಕೊಟ್ಟಿದ್ದನ್ನ ಕಥೇಲೇ ವಾಪಸ್ ತಗೊಳ್ಳಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಇಂಥ ಮೂಢರ ಮಾತಿಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದು ದೊಡ್ಡಮ್ಮನಿಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಆ ಮಾತು ಕಲಿಸುವವಳನ್ನು ಹುಡುಕಿಕೊಂಡು ಹೋದಳು, ಅಭ್ಯಾಸವನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿಕೊಂಡು ಬಂದಳು. ಮುಂದಿನ ಕಂತಿನಲ್ಲಿ ಆ ಮುದುಕಿಯೇ ಮತ್ತೆ ಬಂದು ಬಿಡುಗಡೆಯ ದಾರಿ ಹೇಳಿದಳು: ದಿನಾ ಮೊದಲು ಬರೀ ಉಸಿರು ಬಿಡಬೇಕು, ಆಮೇಲೆ ಬಾಯಿ ಮುಚ್ಚಿ ಗುಂಯ್‌ಗುಡಬೇಕು, ಆಮೇಲೆ ಬಾಗಿಲಿನಿಂದ ಶುರುಮಾಡಿ ಮನೆಯ ಒಂದೊಂದೇ ಸಾಮಾನಿನ ಹೆಸರು ಹಿಡಿದು ಕರೆಯಬೇಕು. ಎಷ್ಟು ತಪ್ಪಿದರೂ ನಿಲ್ಲಿಸಬಾರದು.

ಸಂಪಾದಕರು ಫೋನು ಮಾಡಿ, ಕಥೆ ಸಪ್ಪೆಯಾಯಿತು, ಮನೆಗೆ ಬೆಂಕಿ ಬೀಳಿಸಿ ಮುಗಿಸಿ ಎಂದರು. ಒಂದಕ್ಷರವನ್ನೂ ಮುಟ್ಟಕೂಡದು ಎಂದಳು ದೊಡ್ಡಮ್ಮ. ಕಂತು ಹಾಗೇ ಅಚ್ಚಾಯಿತು, ಮುಂದಿನ ಧಾರಾವಾಹಿ ಬೇರೆಯವರ ಪಾಲಾಯಿತು. ಅಷ್ಟು ವರ್ಷ ಕಟ್ಟಿದ ಹೆಸರನ್ನು ಎದುರುಮನೆಯವಳಿಗಾಗಿ ಇಸ್ತ್ರಿಮೇಜಿನ ಮೇಲಿನ ಧೂಳಿನಂತೆ ಕೊಡವಿ ಹಾಕಿದಳು. ಅಂದು ನನಗೆ ಅವಳ ಮೇಲೆ ಹುಟ್ಟಿದ ಹೆಮ್ಮೆ ಇಂದಿಗೂ ಇಳಿದಿಲ್ಲ.

ವಾಚ್ ರಿಪೇರಿಯವರು ಹೆಂಡತಿಯ ತಲೆದಿಂಬಿನ ಬಳಿ ಕೂತು ಆ ಕಂತನ್ನು ಓದಿ ಹೇಳಿದರಂತೆ. ಮಾರನೆಯ ಬೆಳಿಗ್ಗೆ ಹಸಿರು ಬಾಗಿಲಿನ ಆಚೆಯಿಂದ "ಬಾ... ಬಾ..." ಎಂಬ ದನಿ ಕೇಳಿಸಿತು. 'ಬಾಗಿಲು' ಎಂಬ ಮಾತು ಪೂರ್ತಿಯಾಗಲು ವಾರಗಳೇ ಹಿಡಿದವು. ಕುರ್ಚಿ, ಕನ್ನಡಿ, ಬಕೆಟ್ಟು ತಡವರಿಸುತ್ತ ಹಿಂದೆ ಬಂದವು. ಎರಡು ಮಾತು ಜೋಡಿಸಲು ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ರೇಡಿಯೊ ಗಂಡನ ತೋಳು ಹಿಡಿದುಕೊಂಡು ರಸ್ತೆ ದಾಟಿ ಬಂದಳು. ಇಸ್ತ್ರಿಮೇಜಿನ ಮುಂದೆ ನಿಂತು ದೊಡ್ಡಮ್ಮನನ್ನು ದುರುಗುಟ್ಟಿ ನೋಡಿದಳು.

"ನನ್ ಬಾಯಿ ಕಟ್ಟಿದ ನಿನ್ ಕೈ ಸೇದ್ಹೋಗ," ಎಂದಳು.

ಮಾತು ಎಲ್ಲೂ ತಡವರಿಸಲಿಲ್ಲ. ವಾಚ್ ರಿಪೇರಿಯವರು ಕಣ್ಣೊರೆಸಿಕೊಂಡರು. ದೊಡ್ಡಮ್ಮನ ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ನಿಂತೇಬಿಟ್ಟಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಅವಳು ಅದರ ಕಡೆ ನೋಡಲೇ ಇಲ್ಲ. ಮುಖ ಅಗಲ ಮಾಡಿಕೊಂಡು ನನ್ನನ್ನು ಕರೆದಳು.

"ಕೇಳಿದ್ಯೇನೇ? ಒಂದೇ ಉಸಿರಿಗೆ ಬಂತು."