ಹಾರ ಹಾಕಿದ ಅಧ್ಯಕ್ಷರು, ಹಾರವಿಲ್ಲದ ಅಧ್ಯಕ್ಷರು

ಕೋವಿಡ್ ಮಾಸ್ಕುಗಳೆಲ್ಲ ಡ್ರಾಯರ್ ಸೇರಿದ ಮರುವರ್ಷ. ನಾನು ಹ್ಯಾನೋವರ್‌ನ ಒಂದು ಗಿಮ್ನಾಸಿಯಂನಲ್ಲಿ, ಅಂದರೆ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಸಿದ್ಧಮಾಡುವ ಶಾಲೆಯಲ್ಲಿ, ಇಂಗ್ಲಿಷ್ ಕಲಿಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮೈಸೂರಿನವನೊಬ್ಬ ಜರ್ಮನಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೆಂದರೇನು ಎಂದು ಕೇಳುವವರಿದ್ದಾರೆ. ನಾನೂ ಕೇಳಿಕೊಳ್ಳುತ್ತೇನೆ. ಒಂದು ದಿನ ಯಾರೋ ಬಂದು, ಎಲ್ಲೋ ತಪ್ಪಾಗಿದೆ, ದಯವಿಟ್ಟು ಎದ್ದೇಳಿ ಎನ್ನುತ್ತಾರೆಂಬ ಅಳುಕು ಇನ್ನೂ ಹೋಗಿಲ್ಲ.

ಶಾಲೆ ಮುಗಿಸುವ ಪರೀಕ್ಷೆಗೆ ಇಲ್ಲಿ ಅಬಿಟೂರ್ ಎನ್ನುತ್ತಾರೆ. ಹ್ಯಾನೋವರ್ ಇರುವ ರಾಜ್ಯದಲ್ಲಿ ನಾಲ್ಕು ವಿಷಯ ಬರೆಯಬೇಕು, ಐದನೆಯದು ಮೌಖಿಕ. ಮೌಖಿಕದಲ್ಲಿ ವಿದ್ಯಾರ್ಥಿಯ ಎದುರು ಮೂವರು ಕೂರುತ್ತೇವೆ: ಪ್ರಶ್ನೆ ಕೇಳುವ ವಿಷಯದ ಶಿಕ್ಷಕ, ನಡೆದದ್ದನ್ನು ಬರೆದುಕೊಳ್ಳುವ ಇನ್ನೊಬ್ಬರು, ಮತ್ತು ಸಮಿತಿಯ ಮುಖ್ಯಸ್ಥರು. ಅಂಕ ಹದಿನೈದಕ್ಕೆ; ಐದು ಬಂದರೆ ಪಾಸು. ವಿದ್ಯಾರ್ಥಿ ಮೊದಲು ತಾನೇ ಮಾತಾಡಬೇಕು, ಆಮೇಲೆ ನಾವು ಕೇಳುತ್ತೇವೆ.

ಆ ವರ್ಷ ನನ್ನ ಎದುರು ಕೂತವಳು ಧನ್ಯಾ. ಉಡುಪಿ ಕಡೆಯ ನರ್ಸ್ ಪ್ರಮೀಳಾ ಅವರ ಮಗಳು, ಹುಟ್ಟಿದ್ದು ಬೆಳೆದದ್ದು ಹ್ಯಾನೋವರ್‌ನಲ್ಲೇ. ಸೂಲಗಿತ್ತಿಯ ಕೆಲಸ ಇಲ್ಲಿ ಈಗ ಪದವಿ ವ್ಯಾಸಂಗ. ಅದಕ್ಕೆ ಅವಳಿಗೆ ಸೀಟು ಸಿಕ್ಕಿತ್ತು, ಅಬಿಟೂರ್ ಪಾಸಾದರೆ ಎಂಬ ಷರತ್ತಿನ ಮೇಲೆ. ಆದರೆ ಬರೆದ ನಾಲ್ಕರಲ್ಲಿ ಎರಡು ಕೈಕೊಟ್ಟಿದ್ದವು. ಈ ಮೌಖಿಕವೂ ಸೇರಿ ಮೂರು ಹೋದರೆ ಅಬಿಟೂರೇ ಇಲ್ಲ, ಸೀಟೂ ಇಲ್ಲ.

ಪ್ರಮೀಳಾ ನನಗೆ ಕನ್ನಡ ಕೂಟದಲ್ಲಿ ಪರಿಚಯ. ಇದು ಪಕ್ಷಪಾತವಾಗುತ್ತದೆಯೇ ಎಂದು ಮೊದಲೇ ಸಮಿತಿಯ ಮುಖ್ಯಸ್ಥೆ ಫ್ರಾವ್ (ಶ್ರೀಮತಿ) ಲಿಂಡ್ನರ್ ಬಳಿ ಹೋಗಿ ಹೇಳಿಕೊಂಡೆ. ಈ ಊರಿನ ಅರ್ಧ ಮಕ್ಕಳ ತಾಯ್ತಂದೆಯರು ತಮಗೂ ಪರಿಚಯ, ಹೋಗಿ ಪ್ರಶ್ನೆ ತಯಾರಿಸಿ ಎಂದರು. ನನಗೆ ಸಮಾಧಾನವಾಗಲಿಲ್ಲ. ಕೂಟದ ಯುಗಾದಿ ಊಟದ ಸಾಲಿನಲ್ಲಿ ಪ್ರಮೀಳಾ ಕಂಡಾಗ ತಟ್ಟೆ ಹಿಡಿದುಕೊಂಡೇ ಇನ್ನೊಂದು ಬಾಗಿಲಿನತ್ತ ಸರಿದೆ. ಅವರು ಬಿಡಲಿಲ್ಲ.

"ಎಂತ ಸರ್, ಹೀಗೆ ಓಡುವುದು? ನಾನು ಪ್ರಶ್ನೆ ಎಂತದ್ದು ಅಂತ ಕೇಳಿದ್ನಾ? ಅವಳು ಎಂತ ಓದ್ಬೇಕು ಅಂತ ಕೇಳ್ಲಿಕ್ಕೆ ಬಂದದ್ದು."

ಆಮೇಲೆ ಅವರೇ ಹೇಳಿದರು. ಇಂಗ್ಲಿಷ್ ಪಾಠದಲ್ಲಿ ಆ ವರ್ಷ ಅಮೆರಿಕದ ಆದರ್ಶಗಳು ಎಂಬ ಘಟಕ ಇತ್ತಲ್ಲ, ಹಾಗಾಗಿ ದೊಡ್ಡ ಅಧ್ಯಕ್ಷರ ಮೇಲೆ ಒಂದೊಂದು ಭಾಷಣ ತಯಾರಿಸಿ ಮಗಳಿಗೆ ಬಾಯಿಪಾಠ ಮಾಡಿಸುತ್ತಿದ್ದಾರೆ. ಕಾಲೇಜಿನಲ್ಲಿ ಭಾಷಣ ಸ್ಪರ್ಧೆಗೆ ಹೋಗಿ ಸ್ಟೀಲ್ ತಟ್ಟೆ ಗೆದ್ದವರು ಅವರು. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಿಂತಿರುಗಿಸಿದೆ.

"ಬಾಯಿಪಾಠ ಬೇಡ ಕಣಮ್ಮಾ. ಇಲ್ಲಿ ಅವಳ ಅಭಿಪ್ರಾಯ ಕೇಳ್ತಾರೆ" ಎಂದೆ. ಹೇಳಿದ್ದೇ ಜಾಸ್ತಿಯಾಯಿತೇನೋ ಎಂದು ಆ ಕ್ಷಣಕ್ಕೇ ಅನಿಸಿತು.

"ಅಭಿಪ್ರಾಯ ನಮ್ಮ ಮನೆಯಲ್ಲಿ ಬೇಕಾದಷ್ಟು ಉಂಟು ಮಾರಾಯ್ರೆ. ಮಾರ್ಕ್ ಬರ್ಲಿಕ್ಕೆ ವಿಷಯ ಬೇಕಲ್ವಾ?"

ನಾನು ಅದಾಗಲೇ ಆರಿಸಿಟ್ಟಿದ್ದ ಪ್ರಶ್ನೆ ಅಂಥ ಒಬ್ಬ ಅಧ್ಯಕ್ಷರ ಬಗ್ಗೆಯೇ ಇತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಪ್ರಶ್ನೆಯ ವಿಷಯ ಹೊರಗೆ ಹೇಳಬಹುದೋ ಇಲ್ಲವೋ, ನಿಯಮಾವಳಿ ಎಷ್ಟು ಓದಿದರೂ ನನಗೆ ಖಾತ್ರಿಯಾಗಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದವರು, ಗಡ್ಡ, ಎತ್ತರದ ಟೋಪಿ, ಗುಲಾಮರಿಗೆ ಬಿಡುಗಡೆ ಘೋಷಿಸಿದವರು, ನಾಟಕ ನೋಡುತ್ತಿದ್ದಾಗ ಗುಂಡೇಟಿಗೆ ಬಲಿಯಾದವರು. ಇಷ್ಟು ಹೇಳಿದ ಮೇಲೆ ಹೆಸರು ಮುಚ್ಚಿಡುವುದೇಕೆ ಎಂದರೆ, ಮನಸ್ಸಿಗೊಂದು ಸಮಾಧಾನ ಅಷ್ಟೆ. ಅವರನ್ನು ಹೊಗಳುವ ಒಂದು ಪುಟದ ಬರಹ ಕೊಟ್ಟು, ಆ ಹೊಗಳಿಕೆ ಅವರಿಗೆ ಸಲ್ಲುತ್ತದೆಯೇ ಎಂದು ಚರ್ಚಿಸಲು ಹೇಳಿದ್ದೆ.

ಧನ್ಯಾ ಬಂದು ಕೂತಳು, ಬೆನ್ನು ನೆಟ್ಟಗೆ ಮಾಡಿಕೊಂಡು ಶುರುಮಾಡಿದಳು. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟು. ಒಲೆಯ ಬೆಳಕಿನಲ್ಲಿ ಓದು. ಪ್ರಾಮಾಣಿಕ ಅಂಗಡಿಯವ, ಬಡವರ ವಕೀಲ. ಇಂಗ್ಲಿಷ್ ಸೊಗಸಾಗಿತ್ತು, ಆದರೆ ರಾಗ ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದ ರಾಗ. ಆಗಸ್ಟ್ ಹದಿನೈದರ ವೇದಿಕೆಯಲ್ಲಿ ಯಾವ ಮಹಾಪುರುಷರ ಬಗ್ಗೆ ಮಾತಾಡಿದರೂ ನಾವು ಇದೇ ರಾಗದಲ್ಲಿ ಮಾತಾಡುತ್ತಿದ್ದೆವು. ಹೆಸರು ಬದಲಿಸಿದರೆ ಸಾಕಿತ್ತು. ಕೊನೆಗೆ ಭಾಷಣಕಾರರಂತೆ ಅವಳ ಬಲಗೈ ಮೇಲೇಳುತ್ತದೆ ಎಂದು ಕಾಯುತ್ತಿದ್ದೆ. ಎದ್ದಿತು.

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹೆರ್ (ಶ್ರೀ) ಬ್ರಾಂಟ್ ಪೆನ್ನು ಕೆಳಗಿಟ್ಟಿದ್ದರು. ಇತಿಹಾಸವನ್ನೂ ಕಲಿಸುವ ಅವರು ಶಾಲೆಯಲ್ಲೇ ಎಲ್ಲರಿಗಿಂತ ಕಟ್ಟುನಿಟ್ಟಿನವರು. ಬಾಯಿಪಾಠ ಕೇಳಿದರೆ ಅವರ ಮುಖ ಹಲ್ಲುನೋವು ಬಂದವರ ಮುಖದಂತಾಗುತ್ತದೆ.

ಇನ್ನು ನನ್ನ ಸರದಿ. ಸುಲಭದ ಪ್ರಶ್ನೆ ಕೇಳಿದರೆ ನಮ್ಮವಳೆಂದು ಎತ್ತಿದಂತೆ, ಕಷ್ಟದ್ದು ಕೇಳಿದರೆ ಮುಳುಗಿಸಿದಂತೆ. ಎಲ್ಲರಿಗೂ ಎಂದು ಮೊದಲೇ ಬರೆದಿಟ್ಟುಕೊಂಡಿದ್ದನ್ನೇ ಕೇಳಿದೆ: ಗುಲಾಮಗಿರಿ ಇರುವ ಕಡೆ ಅದನ್ನು ಮುಟ್ಟುವುದಿಲ್ಲ ಎಂದು ಇವರೇ ಮೊದಲು ಹೇಳಿದ್ದರು. ಒಬ್ಬ ಗುಲಾಮನನ್ನೂ ಬಿಡಿಸದೆ ದೇಶದ ಒಗ್ಗಟ್ಟು ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂದೂ ಬರೆದಿದ್ದರು. ಇದು ನಿಮ್ಮ ಮಾತಿನಲ್ಲಿ ಬರಲಿಲ್ಲವಲ್ಲ?

ಧನ್ಯಾ ಬಾಯಿಪಾಠದ ಕೊನೆಯ ಸಾಲನ್ನೇ ಮತ್ತೆ ಹೇಳತೊಡಗಿ ಅರ್ಧಕ್ಕೆ ಬಿಟ್ಟಳು. ಮೈಸೂರಿನ ನಮ್ಮ ಶಾಲೆಗಳಲ್ಲಿ ಮಗು ತಡವರಿಸಿದರೆ ಮೇಷ್ಟ್ರು ಮೊದಲ ಅಕ್ಷರ ಹೇಳಿಕೊಡುತ್ತಾರೆ. ಅದನ್ನು ಹಿಡಿದುಕೊಂಡು ಮಗು ಉಳಿದದ್ದನ್ನು ಒಪ್ಪಿಸುತ್ತದೆ. ನನ್ನ ತುಟಿಯೂ ಆಗಲೇ ತೆರೆದಿತ್ತು. ಆದರೆ ಅಭಿಪ್ರಾಯಕ್ಕೆ ಮೊದಲ ಅಕ್ಷರ ಯಾವುದು? ನೀರಿನ ಲೋಟ ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡೆ.

ಅವಳು ಬೆನ್ನು ಸಡಿಲಿಸಿ, ನಮ್ಮ ಮನೆಯ ಒಂದು ಉದಾಹರಣೆ ಕೊಡಬಹುದೇ ಎಂದಳು. ಫ್ರಾವ್ ಲಿಂಡ್ನರ್ ತಲೆಯಾಡಿಸಿದರು.

ಧನ್ಯಾಳ ಮನೆಯ ಗೋಡೆಯಲ್ಲಿ ಅವಳ ಅಜ್ಜನ ಫೋಟೋ ಇದೆ, ಹಾರ ಹಾಕಿ, ಮೇಲೊಂದು ಕೆಂಪು ಬಲ್ಬು ಹಚ್ಚಿ. ಹೆಣ್ಣುಮಗಳನ್ನು ನರ್ಸಿಂಗ್ ಓದಿಸಲು ನೆಂಟರನ್ನೆಲ್ಲ ಎದುರುಹಾಕಿಕೊಂಡ ಅಪ್ಪ ಎಂದು ತಾಯಿ ಹೇಳುತ್ತಾರೆ. ಹಿಂದಿನ ರಜೆಗೆ ಉಡುಪಿಗೆ ಹೋದಾಗ ದೊಡ್ಡಮ್ಮ ಇನ್ನೊಂದು ಹೇಳಿದರಂತೆ: ಅದೇ ಅಪ್ಪ ಹಿರಿಯ ಮಗಳಾದ ತನ್ನನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದರು. ತಾನು ವರ್ಷಗಟ್ಟಲೆ ಜಗಳವಾಡಿದ ಮೇಲೆಯೇ ಕಿರಿಯವಳು ಕಾಲೇಜಿಗೆ ಹೋದದ್ದು.

ನಂತರ ಧನ್ಯಾ ಹೇಳಿದ ಮಾತಿನ ಸಾರ ಹೀಗಿತ್ತು:

"ಅಮ್ಮ ಹಾರ ಹಾಕುತ್ತಾರೆ, ದೊಡ್ಡಮ್ಮ ಹಾಕುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಅಧ್ಯಕ್ಷರೂ ಹಾಗೆಯೇ. ಅವರು ತಪ್ಪಾದ ಜಾಗದಲ್ಲಿ ನಿಂತಿದ್ದರು, ಆಮೇಲೆ ನಡೆದರು. ಗುಲಾಮರಾಗಿದ್ದವರೇ ಓಡಿಬಂದು, ಹೋರಾಡಿ, ಅವರನ್ನು ನಡೆಸಿದರು. ನಡೆದದ್ದಕ್ಕೆ ಅವರು ದೊಡ್ಡವರು. ಫೋಟೋ ಇರಲಿ, ಹಾರ ಬೇಡ. ಹಾರ ಹಾಕಿದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ."

ಬ್ರಾಂಟ್ ಪೆನ್ನು ಎತ್ತಿಕೊಂಡು ಬರೆಯತೊಡಗಿದ್ದರು. ಮುಖ್ಯಸ್ಥೆಯ ಅನುಮತಿ ಪಡೆದು ತಾವೂ ಒಂದು ಕೇಳಿದರು: ಅದೇ ಅಧ್ಯಕ್ಷರ ಒಪ್ಪಿಗೆಯ ಮೇಲೆ ಅಮೆರಿಕದ ಮೂಲನಿವಾಸಿಗಳನ್ನು ಒಟ್ಟಿಗೆ ಗಲ್ಲಿಗೇರಿಸಿದ್ದು ಗೊತ್ತೇ? ಗೊತ್ತಿಲ್ಲ ಎಂದಳು ಧನ್ಯಾ. ಹಾಗಾದರೆ ಅದೂ ಗೋಡೆಯ ಮೇಲೆ ಇರಬೇಕು ಎಂದು ಸೇರಿಸಿದಳು.

ಅವಳು ಹೊರಹೋದ ಮೇಲೆ ನಾವು ಮೂವರೇ. ನಿಯಮದಂತೆ ವಿಷಯದ ಶಿಕ್ಷಕನೇ ಮೊದಲು ಅಂಕ ಸೂಚಿಸಬೇಕು. ಏಳು ಎಂದೆ. ಮೊದಲ ಭಾಗ ಬಾಯಿಪಾಠ, ಎರಡನೆಯದರಲ್ಲಿ ಮನೆಯ ಕತೆ ಹೆಚ್ಚಾಯಿತು, ಇತಿಹಾಸ ಕಡಿಮೆಯಾಯಿತು ಎಂದು ಕಾರಣಗಳನ್ನು ಪೋಣಿಸಿದೆ. ಕಟ್ಟುನಿಟ್ಟಿನ ಮನುಷ್ಯನೆಂದು ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದಾಗ ಬ್ರಾಂಟ್ ತಲೆ ಎತ್ತಿದರು.

"ಹತ್ತು. ಮೊದಲ ಭಾಗಕ್ಕೆ ನಾನೂ ಕೊಡುತ್ತಿರಲಿಲ್ಲ. ಆದರೆ ಈ ಪ್ರಶ್ನೆಗೆ ಈ ವಾರ ಯೋಚಿಸಿ ಉತ್ತರ ಕೊಟ್ಟವಳು ಇವಳೊಬ್ಬಳೇ."

ಫ್ರಾವ್ ಲಿಂಡ್ನರ್ ನನ್ನನ್ನೇ ನೋಡುತ್ತಿದ್ದರು. "ಈ ಹುಡುಗಿಯ ಮನೆಯವರು ನಿಮ್ಮ ದೇಶದವರಲ್ಲದಿದ್ದರೆ ಎಷ್ಟು ಕೊಡುತ್ತಿದ್ದಿರಿ?"

ಹತ್ತೇ ಕೊಡುತ್ತಿದ್ದೆ. ಹಾಗೆಂದು ಹೇಳಿದೆ. ಹತ್ತೇ ಆಯಿತು. ಕಿವಿ ಮಾತ್ರ ಮನೆಗೆ ಬರುವ ಟ್ರಾಮಿನಲ್ಲೂ ಬಿಸಿಯಾಗಿಯೇ ಇತ್ತು.

ಕೆಲವು ದಿನ ಬಿಟ್ಟು ಪ್ರಮೀಳಾ ಫೋನ್ ಮಾಡಿದರು. ಮಗಳು ಎಲ್ಲವನ್ನೂ ಹೇಳಿದ್ದಳು. ಬೈಯುತ್ತಾರೆಂದು ನಾನು ಎದ್ದು ನಿಂತೇ ಮಾತಾಡಿದೆ. ಅವರು ಬೈಯಲಿಲ್ಲ. ಪರೀಕ್ಷೆಯ ಸಂಜೆಯೇ ಅಕ್ಕನಿಗೆ ಫೋನ್ ಮಾಡಿದೆ, ತುಂಬಾ ಹೊತ್ತು ಮಾತಾಡಿದೆವು ಎಂದರು.

"ಅಪ್ಪನ ಫೋಟೋ ತೆಗೀಲಿಕ್ಕೆ ನನ್ನಿಂದ ಆಗುದಿಲ್ಲ ಸರ್."

"ತೆಗೀಬೇಡಿ. ಅವಳೂ ತೆಗೀರಿ ಅಂತ ಹೇಳಲಿಲ್ಲವಲ್ಲ."

"ಹಾರ ಮಾತ್ರ ಧೂಳು ಹಿಡಿದಿತ್ತು. ತೊಳ್ದು ಬಾಲ್ಕನಿಯಲ್ಲಿ ಒಣಗ್ಲಿಕ್ಕೆ ಹಾಕಿದ್ದೇನೆ."

ಹಾರ ಹಾಕಿ ಕುರುಡಾಗುವುದು ನಮ್ಮವರ ತಪ್ಪು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾರದ ಭಯಕ್ಕೆ, ಸಲ್ಲಬೇಕಾದ ಹೂವನ್ನೂ ಕಿತ್ತುಕೊಳ್ಳುವುದು ಅದರದೇ ಇನ್ನೊಂದು ಮುಖ ಎಂಬುದನ್ನು ಆ ಮೌಖಿಕ ಪರೀಕ್ಷೆ ಕಲಿಸಿತು. ಅಧ್ಯಕ್ಷರಿರಲಿ, ಹದಿನೆಂಟರ ಹುಡುಗಿ ಇರಲಿ, ತೂಗುವಾಗ ನನ್ನ ಆತಂಕವನ್ನೂ ತಕ್ಕಡಿಯಲ್ಲಿಡಬಾರದು. ಈಗ ಅಂಕ ಹೇಳುವ ಮೊದಲು ಫ್ರಾವ್ ಲಿಂಡ್ನರ್ ಕೇಳಿದ್ದನ್ನು ನಾನೇ ಕೇಳಿಕೊಳ್ಳುತ್ತೇನೆ.

ಇದನ್ನು ಬರೆಯಲು ಒಪ್ಪಿಗೆ ಕೇಳಲು ಕಳೆದ ತಿಂಗಳು ಪ್ರಮೀಳಾ ಅವರ ಮನೆಗೆ ಹೋಗಿದ್ದೆ. ಧನ್ಯಾ ಹೆರಿಗೆ ವಾರ್ಡಿನ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದಳು. ಗೋಡೆಯಲ್ಲಿ ಅಜ್ಜ ಇದ್ದರು, ಕೆಂಪು ಬಲ್ಬೂ ಉರಿಯುತ್ತಿತ್ತು. ಹಾರ ಇರಲಿಲ್ಲ. ಇಷ್ಟು ವರ್ಷ ಪ್ಲಾಸ್ಟಿಕ್ ಹೂವು ಮುಚ್ಚಿದ್ದ ಅವರ ಮುಖ ಪೂರ್ತಿ ಕಾಣುತ್ತಿತ್ತು. ನನ್ನ ಹಾಗೆಯೇ, ಏನೋ ಯೋಚನೆ ಹತ್ತಿದ ಮನುಷ್ಯನ ಮುಖ.