ದುಪ್ಪಟಿ ಮಡಿಸುವ ಅಧ್ಯಾಯ

ಓದುವಕ್ಕನ ಬಾಯಿ ಬಿಡಿಸಬೇಕೆಂದರೆ ಕೈಗೊಂದು ಪುಸ್ತಕ ಕೊಡಬೇಕು. ಪುಸ್ತಕ ಸಿಕ್ಕಿತೋ, ಅರಳು ಹುರಿದ ಹಾಗೆ ಓದುತ್ತಾಳೆ. ಕೈ ಖಾಲಿಯಿದ್ದರೆ ತುಟಿ ಪಿಟಿಕ್ಕೆನ್ನುವುದಿಲ್ಲ. ಅಂಗಡಿಯವನು ಹಳಸಿದ ಬ್ರೆಡ್ಡು ಕೊಟ್ಟರೂ ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬರುವ ಹೆಂಗಸು. “ನಮ್ಮಕ್ಕನ ಹತ್ರ ಇರೋದೆಲ್ಲ ಬಾಡಿಗೆ ಮಾತು, ಸ್ವಂತದ್ದು ಒಂದೂ ಇಲ್ಲ” ಎಂದು ತಮ್ಮ ಹಾಸ್ಯ ಮಾಡುತ್ತಾನೆ. ಅವನ ಹೆಂಡತಿ ನಗುತ್ತಾಳೆ. ಅಕ್ಕನೂ ನಗುತ್ತಾಳೆ, ಅದಕ್ಕೂ ಉತ್ತರ ಕೊಡದೆ.

ಓದುವ ಚಾಳಿ ಹತ್ತಿದ್ದು ಅಪ್ಪನ ಕಣ್ಣು ಹೋದಾಗ. ಆಗವಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ದಿನಾ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ನಿಧನವಾರ್ತೆಯವರೆಗೆ ಅಪ್ಪನಿಗೆ ಓದಿ ಹೇಳಬೇಕು. ಈ ನಡುವೆ ಗಂಡುಗಳು ಬಂದವು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಂದವರು ಕಾದೂ ಕಾದೂ ಬೇರೆ ಮನೆ ಬಾಗಿಲು ತಟ್ಟಿದರು. ಅದರಲ್ಲೊಬ್ಬ ಅವಳಿಗೆ ಇಷ್ಟವೂ ಆಗಿದ್ದ, ಆದರೆ ಆ ಸಂಗತಿ ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪಕ್ಕದ ಮನೆಯವರೊಬ್ಬರು, ಕಣ್ಣು ಕಾಣದವರಿಗಾಗಿ ಇರುವ ಗ್ರಂಥಾಲಯದಲ್ಲಿ ಪುಸ್ತಕ ಓದಿ ರೆಕಾರ್ಡ್ ಮಾಡುವವರು ಬೇಕಂತೆ ಎಂದರು. ಹೋದಳು. ಈಗ ಐವತ್ತು ದಾಟಿದೆ, ಅಲ್ಲೇ ಇದ್ದಾಳೆ.

ಅದು ಹೊರಗಿನವರು ತಿಳಿದಷ್ಟು ಸಲೀಸು ಕೆಲಸವಲ್ಲ. ಮೂರನೇ ಮಹಡಿಯಲ್ಲಿ ಗೋಡೆಗೆಲ್ಲ ಸ್ಪಂಜು ಬಡಿದ ಪುಟ್ಟ ಕೋಣೆ. ಫ್ಯಾನ್ ಹಾಕುವಂತಿಲ್ಲ, ಸದ್ದು ಮೈಕಿಗೆ ಬೀಳುತ್ತದೆ. ಬಳೆ ತೊಡುವಂತಿಲ್ಲ, ಸರಬರ ಎನ್ನುವ ಬಟ್ಟೆ ಉಡುವಂತಿಲ್ಲ. ಹಸಿದು ಕೂತರೆ ಹೊಟ್ಟೆ ಗುರ್ ಅನ್ನುವುದೂ ರೆಕಾರ್ಡಾಗುತ್ತದೆ, ತುಂಬ ತಿಂದು ಕೂತರೆ ತೇಗು. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ನಟನೆ ಕೂಡದು. ಕತೆಯಲ್ಲಿ ಸತ್ತವರಿಗೆ ಓದುವವರು ಅಳಬಾರದು. ಅಳುವುದೋ ಬಿಡುವುದೋ ಕೇಳುವವರ ಇಷ್ಟ. ಅಕ್ಕನಿಗೆ ಈ ಕಟ್ಟಳೆ ಹೇಳಿ ಮಾಡಿಸಿದ ಹಾಗಿತ್ತು.

ಕೋಣೆಯ ಗಾಜಿನ ಕಿಟಕಿಯ ಆಚೆ ಬದಿಯಲ್ಲಿ ಕರಡು ಸಾರ್. ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು, ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿದೆ. ಅದೇ ಪುಸ್ತಕದ ಇನ್ನೊಂದು ಪ್ರತಿ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರುವುದು ಅವರ ಕೆಲಸ. ಅಕ್ಕ ಒಂದಕ್ಷರ ತಪ್ಪಿದರೂ ಗುಂಡಿ ಒತ್ತುತ್ತಾರೆ, ಒಳಗೆ ಕೆಂಪು ದೀಪ ಹತ್ತುತ್ತದೆ, ಆ ವಾಕ್ಯವನ್ನು ಮತ್ತೆ ಮೊದಲಿಂದ ಓದಬೇಕು. ವರ್ಷಗಟ್ಟಲೆ ಹೀಗೆ ಎದುರುಬದುರು ಕೂತ ಇಬ್ಬರು ಆಡಿದ ಮಾತೆಲ್ಲ ಸೇರಿಸಿದರೆ ಒಂದು ಪುಟ ತುಂಬಲಿಕ್ಕಿಲ್ಲ. ಆದರೆ ಬಿಡುವಿನಲ್ಲಿ ಚಹಾ ಆರಿಸಿ ಕೊಡುವವರು ಅವರೇ, ಏಕೆಂದರೆ ಬಿಸಿ ಕುಡಿದರೆ ಅಕ್ಕನ ಗಂಟಲು ಕಟ್ಟುತ್ತದೆ ಎಂಬುದು ಅವರಿಗೆ ಗೊತ್ತು.

ಒಂದು ಸೋಮವಾರ ಕರಡು ಸಾರ್ ಕನ್ನಡಕ ಒರೆಸುತ್ತಾ ಹೇಳಿದರು: “ಮಗಳು ತನ್ನ ಊರಿಗೇ ಬಂದು ಜೊತೇಲಿರು ಅಂತಿದ್ದಾಳೆ ಮೇಡಂ. ಈ ಪುಸ್ತಕ ಮುಗಿಸಿಕೊಟ್ಟು ಹೊರಡೋಣ ಅಂತಿದ್ದೀನಿ.”

“ಒಳ್ಳೇದಾಯ್ತು ಸಾರ್. ಮೊಮ್ಮಕ್ಕಳ ಜೊತೆ ಹೊತ್ತು ಹೋಗುತ್ತೆ” ಎಂದಳು ಅಕ್ಕ.

ಅವತ್ತು ಮನೆಯಲ್ಲಿ ಊಟ ಸೇರಲಿಲ್ಲ. ಅವರು ಹೋಗುವುದು ಅವಳಿಗೆ ಬೇಡವಾಗಿತ್ತು. ಎಳ್ಳಷ್ಟೂ ಬೇಡವಾಗಿತ್ತು. ಅದನ್ನು ಹೇಳಲು ಉಳಿದಿದ್ದ ಕಾಲ, ಪುಸ್ತಕದಲ್ಲಿ ಉಳಿದ ಪುಟಗಳಷ್ಟೇ.

ಪುಸ್ತಕ ಅಮೆರಿಕದ ಒಂದು ಹಳೇ ಕಾದಂಬರಿ, ಅನುವಾದ. ದೋಣಿಯಲ್ಲಿ ನದಿ ದಾಟಿಸುವ ಕಡೆ ತಂಗುಮನೆ ನಡೆಸುವ ಒಬ್ಬ ವಿಧವೆ, ಮಳೆಗೆ ದಾರಿ ಕೆಟ್ಟು ಅಲ್ಲಿ ಉಳಿದುಕೊಂಡ ಒಬ್ಬ ಭೂಮಾಪಕ. ಕತೆಯ ಜೀವವೆಲ್ಲ ಒಂದು ಅಧ್ಯಾಯದಲ್ಲಿದೆ: ಇಬ್ಬರೂ ಸೇರಿ ಒಗೆದ ದುಪ್ಪಟಿ ಮಡಿಸುತ್ತಾರೆ. ಒಂದೊಂದು ಮಡಿಕೆಗೂ ಹತ್ತಿರ ಬರುತ್ತಾರೆ. ಕೊನೆಯ ಮಡಿಕೆಯಲ್ಲಿ ಅವನು, “ನಾಳೆ ಹೊರಡುತ್ತೇನೆ” ಅನ್ನುತ್ತಾನೆ. ಅವಳು, “ದಾರಿ ಒಣಗಿದೆ, ಒಳ್ಳೆಯದು” ಎಂದು ಅವನ ಕೈಯಿಂದ ದುಪ್ಪಟಿಯ ತುದಿ ತೆಗೆದುಕೊಳ್ಳುತ್ತಾಳೆ. ಅವನು ಹೊರಟೇ ಹೋಗುತ್ತಾನೆ.

ಆ ಅಧ್ಯಾಯ ಹತ್ತಿರವಾದಂತೆ ಅಕ್ಕ ತಪ್ಪತೊಡಗಿದಳು. ಪುಸ್ತಕಗಟ್ಟಲೆ ಎಡವದೆ ಓದಿದ ನಾಲಿಗೆ ‘ಬಂದನು’ ಇದ್ದಲ್ಲಿ ‘ಹೋದನು’ ಅಂದಿತು. ದೀಪ ಹತ್ತಿತು. ಮತ್ತೆ ಓದಿದಳು, ಮತ್ತೆ ತಪ್ಪಿದಳು. ಪುಸ್ತಕ ಮುಗಿಯದಿರಲಿ ಎಂದು ಬೇಕೆಂದೇ ತಪ್ಪುತ್ತಿದ್ದಳು. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ. ಒಂದು ದಿನ ಅವಳು ನೆಟ್ಟಗೆ ಓದಿದ ವಾಕ್ಯಕ್ಕೂ ದೀಪ ಹತ್ತಿತು. ಪುಟ ನೋಡಿಕೊಂಡಳು, ಎಲ್ಲ ಸರಿಯಿದೆ.

“ಏನು ತಪ್ಪಾಯ್ತು ಸಾರ್?”

“ಏನೋ... ಇನ್ನೊಂದ್ಸಲ ಓದಿ ಮೇಡಂ, ಇರಲಿ” ಎಂದರು ಕರಡು ಸಾರ್, ಪುಸ್ತಕದಿಂದ ತಲೆ ಎತ್ತದೆ.

ಇನ್ನೊಬ್ಬರಾಗಿದ್ದರೆ ಅಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದರು. ಇವಳು, ಪಾಪ ಅವರಿಗೆ ವಯಸ್ಸಾಯಿತು ಅಂದುಕೊಂಡಳು! ಹೀಗೆ ಒಬ್ಬರು ತಪ್ಪುತ್ತಾ, ಒಬ್ಬರು ತಪ್ಪಿಲ್ಲದ್ದನ್ನು ತಿದ್ದುತ್ತಾ, ದುಪ್ಪಟಿಯ ಎರಡನೇ ಮಡಿಕೆಯಲ್ಲೇ ವಾರ ಕಳೆಯಿತು.

ಕೊನೆಗೆ ಆಪರೇಟರ್ ಮಹಡಿ ಹತ್ತಿ ಬಂದಳು. ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್, ಕಣ್ಣು ಕಾಣದವಳು, ಖಾಸಗಿಯಾಗಿ ಎಂ.ಎ. ಪರೀಕ್ಷೆಗೆ ಕಟ್ಟಿದವಳು. ಈ ಪುಸ್ತಕ ಓದಲು ಹಿಡಿದಿದ್ದೇ ಅವಳಿಗಾಗಿ.

“ಇಬ್ಬರೂ ಸೇರ್ಕೊಂಡು ನನ್ನ ಫೇಲ್ ಮಾಡಿಸ್ಬೇಕು ಅಂತಿದ್ದೀರಾ? ಮುಂದಿನ ವಾರ ಪರೀಕ್ಷೆ. ಆ ದುಪ್ಪಟಿ ಸೀನ್ ವಿಶ್ಲೇಷಣೆ ಮಾಡಿ ಅಂತ ಹತ್ತು ಮಾರ್ಕಿಗೆ ಬಂದೇ ಬರುತ್ತೆ. ಮೀನ ಮೇಷ ಎಣಿಸ್ತಾ ಕೂತಿದ್ದೀರಲ್ಲ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇಬ್ಬರೂ ಒಟ್ಟಿಗೆ, “ಇಲ್ಲ ಇಲ್ಲ, ಮೈಕ್ ಸರಿಯಿಲ್ಲ” ಅಂದರು. ಆಮೇಲೆ ಅಕ್ಕ ಕೋಣೆಯಿಂದ ಹೊರಬಂದು, ಆಪರೇಟರಿಗೆ ಕುರ್ಚಿ ಕೊಟ್ಟು, ಆ ಅಧ್ಯಾಯವನ್ನು ಮೈಕಿಲ್ಲದೆ ಪೂರ್ತಿ ಓದಿ ಹೇಳಿದಳು. ಒಂದೇ ಒಂದು ತಪ್ಪಿಲ್ಲ.

“ಗೈಡಲ್ಲಿ ಇದು ತ್ಯಾಗ ಅಂತಿದೆ. ಅವನ ದಾರಿಗೆ ಅಡ್ಡ ಬರಬಾರದು ಅಂತ ಅವಳು ಸುಮ್ಮನಾದ್ಳಂತೆ. ಹಾಗೇ ಬರೀಲಾ?” ಎಂದಳು ಆಪರೇಟರ್.

“ಎಂಥ ತ್ಯಾಗ!” ಕರಡು ಸಾರ್ ಧ್ವನಿ ಏರಿದ್ದನ್ನು ಅಕ್ಕ ಕೇಳಿದ್ದು ಅದೇ ಮೊದಲು. “ಅವನೇನು ಹೋಗೋಕೆ ಬಂದಿದ್ನಾ? ಹೊರಡ್ತೀನಿ ಅಂದು, ಇವಳು ಬೇಡ ಅಂತಾಳೇನೋ ಅಂತ ಮುಖ ನೋಡ್ತಾ ನಿಂತಿದ್ದ. ದುಪ್ಪಟಿ ಬಿಡದೆ ಹಿಡ್ಕೊಂಡು ನಿಂತಿದ್ದಾನಲ್ಲ, ಬರೆದಿಲ್ವಾ ಅಲ್ಲಿ? ಇವಳು ನೋಡಿದ್ರೆ ದಾರಿ ಒಣಗಿದೆ ಅಂತಾಳೆ! ಇನ್ನೇನು ಮಾಡ್ತಾನೆ, ಹೋದ.”

“ಆಹಾ! ಹೋಗ್ಲೋ ಬೇಡ್ವೋ ಅಂತ ಕೇಳಿದ್ನಾ ಅವನು?” ಅಕ್ಕನಿಗೂ ಎಲ್ಲಿಲ್ಲದ ಸಿಟ್ಟು ಬಂತು. “ಎಲ್ಲಾ ತೀರ್ಮಾನ ಮಾಡ್ಕೊಂಡು ಬಂದು ಹೇಳಿದವನಿಗೆ ಬೇಡ ಅನ್ನೋಕೆ ಇವಳ್ಯಾರು?”

“ಅಯ್ಯೋ, ಜಗಳ ಆಮೇಲೆ ಆಡಿ. ತ್ಯಾಗ ಅಲ್ಲ ಅಂದ್ರೆ ಏನಂತ ಬರೀಲಿ?”

“ಹೆದರಿಕೆ ಅಂತ ಬರಿ” ಎಂದಳು ಅಕ್ಕ. “ಬಾಯಿಬಿಟ್ಟು ಬೇಡ ಅಂದ ಮೇಲೂ ಅವನು ಹೋಗಿಬಿಟ್ರೆ ಮುಖ ಎಲ್ಲಿಡೋದು ಅಂತ ಹೆದರಿಕೆ. ಅದಕ್ಕೇ ದಾರಿ ಗೀರಿ ಅಂತ ಏನೋ ಒದರ್ತಾಳೆ. ಅಷ್ಟೇ ಕಣಮ್ಮ, ಇನ್ನೇನಿಲ್ಲ.”

ಕರಡು ಸಾರ್ ಪುಸ್ತಕ ಮುಚ್ಚಿದರು. ಅಕ್ಕನ ಪುಸ್ತಕ ಆಗಲೇ ಮೇಜಿನ ಮೇಲಿತ್ತು, ಕೈ ಖಾಲಿ.

“ಹೋಗ್ಬೇಡಿ ಸಾರ್” ಎಂದಳು.

ಕರಡು ಸಾರ್ ತಬ್ಬಿಬ್ಬಾದರು. “ಯಾರು, ನಾನಾ? ಅವನಾ?”

“ನೀವು. ಅವನು ಹೋಗಿ ನೂರು ವರ್ಷ ಆಯ್ತು.”

ಆಪರೇಟರ್ ಬಾಯಿಗೆ ಸೆರಗು ಒತ್ತಿಕೊಂಡಳು. ಕರಡು ಸಾರ್ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಮಗಳಿಗೆ ಹಚ್ಚಿದರು.

“ಟಿಕೆಟ್ ತೆಗೀಬೇಡಮ್ಮ. ಇಲ್ಲ, ಮೈಗೇನಾಗಿಲ್ಲ, ಚೆನ್ನಾಗೇ ಇದ್ದೀನಿ. ಇಲ್ಲೊಬ್ಬರು ಹೋಗ್ಬೇಡಿ ಅಂದ್ರು, ಅದಕ್ಕೆ.” ಸ್ವಲ್ಪ ಹೊತ್ತು ಆಲಿಸಿ, ಫೋನಿಗೆ ಅಂಗೈ ಅಡ್ಡ ಹಿಡಿದು ಅಕ್ಕನತ್ತ ನೋಡಿದರು. “ಯಾರು ಅಂತ ಕೇಳ್ತಿದ್ದಾಳೆ. ಏನಂತ ಹೇಳಲಿ?”

ಅಕ್ಕ ಕೈ ಚಾಚಿ ಫೋನ್ ಇಸಿದುಕೊಂಡಳು.

“ನಾನಮ್ಮ” ಎಂದಳು. “ಬೇಡ ಅಂದಿದ್ದು ನಾನೇ.”