ಗಾಜಿನ ಗೂಡಿನೊಳಗಿನ ಮಾತು

ಹೆಣ್ಣು ನೋಡಿ ಬಂದಾಗಿನಿಂದ ವೇಣುಗೋಪಾಲನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಹುಡುಗಿ ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗಿದ್ದಾಳೆ ಅನ್ನುವುದೇ ತೊಂದರೆ. ದೇವನಹಳ್ಳಿ ಪಕ್ಕದ ವಿಜಯಪುರದ ರಾಮಾಂಜಿನಪ್ಪನವರ ಮಗಳು ಅನಿತ ಕಾಫಿ ತಟ್ಟೆ ಹಿಡಿದು ಬಂದವಳು ಮನೆ ತುಂಬ ಕೂತ ನೆಂಟರ ಮುಂದೆ ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ದೊಡ್ಡವರು ಅದನ್ನೇ ಒಪ್ಪಿಗೆ ಅಂದುಕೊಂಡು ಬರುವ ಭಾನುವಾರ ತಾಂಬೂಲ ಬದಲಾಯಿಸುವುದೆಂದು ಮಾತು ಮುಗಿಸಿದರು. ವೇಣು ಮನೆಗೆ ಬಂದು ಕನ್ನಡಿ ನೋಡಿಕೊಂಡ. ಈ ಮೂತಿಗೆ ಆ ಹುಡುಗಿ ಮನಸಾರೆ ಹೂಂ ಅಂದಿದ್ದಾಳೆ ಎಂದು ನಂಬುವುದು ಅವನಿಂದಲೇ ಆಗಲಿಲ್ಲ. ಅವಳನ್ನೇ ಒಂದು ಮಾತು ಕೇಳಿಬಿಡಬೇಕು.

ಕೇಳುವುದೆಲ್ಲಿಂದ? ದೊಡ್ಡಬಳ್ಳಾಪುರದಲ್ಲಿ ಅವನು ಸೀರೆ ನೇಯುತ್ತಿದ್ದ ಪವರ್‌ಲೂಮ್ ಮನೆಯ ಸಾಹುಕಾರ ಆದಿನಾರಾಯಣಪ್ಪನವರ ಹತ್ತಿರ ಫೋನಿತ್ತು. ಆದರೆ ಅದರ ಡಯಲಿಗೊಂದು ಪುಟ್ಟ ಬೀಗ, ಬೀಗದ ಕೈ ಸಾಹುಕಾರರ ಜನಿವಾರದಲ್ಲಿ. ಹೆಣ್ಣಿನ ಜೊತೆ ಮಾತಾಡುವುದಕ್ಕೆಂದು ಕೂಲಿಯವನು ಜನಿವಾರಕ್ಕೆ ಕೈ ಹಾಕುವುದುಂಟೆ? ಅನಿತಳ ಮನೆಯಲ್ಲಂತೂ ಫೋನೇ ಇಲ್ಲ. ಪಿ.ಪಿ. ಎಂದು ಕೊಟ್ಟಿದ್ದ ನಂಬರು ಪಕ್ಕದ ಮನೆಯ ಬೈರಮ್ಮನವರದು. ಅಂದರೆ ಬೈರಮ್ಮನವರು ಕೂಗಿ ಕರೆಯಬೇಕು, ಆಮೇಲೆ ಅಲ್ಲೇ ನಿಂತು ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳಬೇಕು.

ಕೊನೆಗೆ ಅವನು ಬಸ್ ಸ್ಟ್ಯಾಂಡ್ ಪಕ್ಕದ ಬಚ್ಚಪ್ಪನ ಎಸ್‌ಟಿಡಿ ಬೂತಿಗೆ ಹೋದ. ಬಚ್ಚಪ್ಪ ಹೊಸದಾಗಿ ಗಾಜಿನ ಕ್ಯಾಬಿನ್ ಹಾಕಿಸಿ, ಒಳಗೊಂದು ಟ್ಯೂಬ್‌ಲೈಟ್ ಕಟ್ಟಿಸಿದ್ದ.

“ಒಳಗೋಗಿ ಬಾಗ್ಲಾಕ್ಕೊ ಗುರು,” ಅಂದ ಬಚ್ಚಪ್ಪ. “ಒಳಗೆ ಪಟಾಕಿ ಹೊಡುದ್ರೂ ಹೊರಗೆ ಕೇಳ್ಸಾಕಿಲ್ಲ.”

ವೇಣು ನಂಬರು ಒತ್ತಿದ. ಆ ಕಡೆಯಿಂದ ಬೈರಮ್ಮನವರ ದನಿ ಕಿವಿ ಕಿತ್ತುಹೋಗುವಂತೆ ಬಂತು. “ಯಾರಪ್ಪಾ? ದೊಡ್ಡಬಳ್ಳಾಪುರಾನಾ? ಅಯ್ಯೋ, ಗಂಡೇ ಮಾತಾಡ್ತಿರೋದಾ! ಅನಿತಾ, ಬಾರೇ, ನಿನ್ ಗಂಡು ಫೋನ್ ಮಾಡವ್ನೆ!”

ಗೋಡೆಯ ಮೇಲೆ ಬಿಲ್ಲಿನ ಕೆಂಪು ಅಂಕಿ ಓಡುತ್ತಲೇ ಇತ್ತು. ಕೊನೆಗೊಂದು ಸಣ್ಣ “ಹಲೋ” ಬಂತು.

“ನಾನು ವೇಣು. ಒಂದ್ಮಾತು ಕೇಳ್ಬೇಕಿತ್ತು. ನಿಮ್ಗೆ ಈ ಮದ್ವೆ ಇಷ್ಟಾನಾ?”

“ಹೂಂ.”

“ಹೂಂ ಅಂದ್ರೆ ಇಷ್ಟ ಅಂತಾನಾ, ಇಲ್ಲ ಬೈರಮ್ಮನೋರು ಪಕ್ದಲ್ಲವ್ರೆ ಅಂತಾನಾ?”

“ಹೂಂ. ಊಟ ಆಯ್ತಾ?”

ವೇಣು ಗೋಡೆಯ ಕಡೆಯಿಂದ ಗಾಜಿನ ಕಡೆಗೆ ತಿರುಗುತ್ತಾ ಒಂದೇ ಉಸಿರಿನಲ್ಲಿ ಹೇಳಿದ: “ನೋಡಿ, ನಿಮ್ಗೆ ಇಷ್ಟ ಇಲ್ದಿದ್ರೆ ನಾನೇ ಹುಡುಗಿ ಬೇಡ ಅಂತ ಹೇಳ್ಬಿಡ್ತೀನಿ. ನಿಮ್ ಮೇಲೆ ಮಾತು ಬರಲ್ಲ.”

ಆ ಕಡೆ ಏನೋ ಹೇಳಹೊರಟಂತಾಯಿತು. ಅಷ್ಟರಲ್ಲಿ ಲೈನು ಕಟ್ಟಾಯಿತು.

ತಲೆ ಎತ್ತಿದರೆ, ಗಾಜಿನಾಚೆ ಸರದಿಯಲ್ಲಿ ಮೊದಲು ನಿಂತಿದ್ದವನು ಪಕ್ಕದ ಮಗ್ಗದ ಪಿಳ್ಳಪ್ಪ. ಅವನ ಕಣ್ಣು ನೆಟ್ಟಿದ್ದು ವೇಣುವಿನ ತುಟಿಯ ಮೇಲೆ. ಲಾಳಿ ಬಡಿಯುವ ಮಗ್ಗದ ಮನೆಯಲ್ಲಿ ಕಿವಿಗೆ ಕೆಲಸವಿಲ್ಲ. ಎಳೆ ಹರಿದಿದೆ, ಟೀ ಬಂತು, ಸಾಹುಕಾರರು ಬಂದರು, ಯಾವ ಮಾತಾದರೂ ತುಟಿ ನೋಡಿಯೇ ತಿಳಿಯಬೇಕು. ಬಚ್ಚಪ್ಪನ ಗಾಜು ಸದ್ದನ್ನು ತಡೆದು ತುಟಿಯನ್ನು ಟ್ಯೂಬ್‌ಲೈಟಿನಲ್ಲಿ ತೊಳೆದಿಟ್ಟಂತೆ ತೋರಿಸಿತ್ತು. ಹೋದ ವಾರ ಇದೇ ಗಾಜಿನಾಚೆ ನಿಂತು, ಒಳಗೆ ಯಾರೋ ಮೇಷ್ಟ್ರು ಫೋನಿನಲ್ಲಿ ಬೀಗರ ಜೊತೆ ಜಗಳವಾಡಿದ್ದನ್ನು ಪೂರ್ತಿ ನೋಡಿ ಮಜಾ ತೆಗೆದುಕೊಂಡಿದ್ದ ವೇಣುವಿಗೆ ತನ್ನ ಸರದಿ ಬಂದಾಗ ಅದು ಹೊಳೆದಿರಲಿಲ್ಲ.

“ಏನ್ಲಾ, ಹುಡುಗಿ ಬೇಡ್ವಾ?” ಅಂದ ಪಿಳ್ಳಪ್ಪ.

“ಅಂಗಲ್ಲ ಕಣೋ! ‘ನಿಮ್ಗೆ ಇಷ್ಟ ಇಲ್ದಿದ್ರೆ’ ಅಂತ ಮೊದ್ಲು ಅಂದೆ.”

“ಆವಾಗ ಗೋಡೆ ಕಡೆ ತಿರುಗಿದ್ದೆ. ನಂಗೆ ಕಂಡಿದ್ದು ‘ಬೇಡ’ ಅಂದಿದ್ದೇಯ.”

ಕತ್ತಲಾಗುವುದರೊಳಗೆ ಅದು ಮಗ್ಗದಿಂದ ಮಗ್ಗಕ್ಕೆ ದಾಟಿ ಅವನ ತಾಯಿ ಆದಿಲಕ್ಷ್ಮಮ್ಮನವರ ಒಲೆಯ ಹತ್ತಿರ ಬಂದು ಕೂತಿತ್ತು. ಮರುದಿನ ಸೀರೆ ಗಂಟು ಹೊತ್ತವರ ಜೊತೆ ವಿಜಯಪುರಕ್ಕೂ ಬಸ್ಸು ಹತ್ತಿತು. ಅದನ್ನು ಹಿಂದಕ್ಕೆ ತರಬೇಕೆಂದು ವೇಣುವೂ ದೇವನಹಳ್ಳಿಯ ಬಸ್ಸು ಹತ್ತಿದ. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ “ಮಾತು ತಪ್ಪಾಗಿ ಹೋಯ್ತು” ಎಂಬುದನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟನ್ನೂ ಬಾಯಿಪಾಠ ಮಾಡಿದ.

ರಾಮಾಂಜಿನಪ್ಪನವರ ಮನೆಯಲ್ಲೂ ಮಗ್ಗಗಳು ಓಡುತ್ತಿದ್ದವು. ಅವರು ಇವನನ್ನು ಕಂಡು, “ಬೇಡ ಅಂದೋರು ಇಲ್ಲಿಗ್ಯಾಕ್ ಬಂದ್ರಿ?” ಎಂದು ಕೂಗಿ, ಬೆನ್ನು ತಿರುಗಿಸಿ, ನಿಂತಿದ್ದ ಒಂದು ಮಗ್ಗದಲ್ಲಿ ಹರಿದ ಎಳೆ ಕಟ್ಟತೊಡಗಿದರು. ಮೂಲೆಯಲ್ಲಿ ಅನಿತ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳು ತಲೆ ಎತ್ತಿ ಅಪ್ಪನ ಬೆನ್ನು ನೋಡಿದಳು. ಆಮೇಲೆ ತುಟಿ ಮಾತ್ರ ಆಡಿತು.

“ನಂಗೆ ಇಷ್ಟ ಇಲ್ಲ.”

ತುಟಿ ಓದಲು ಬರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ವೇಣುವಿಗೆ ಅನ್ನಿಸಿತು.

“ನರ್ಸಿಂಗ್ ಓದ್ಬೇಕು. ಸೀಟು ಸಿಕ್ಕೈತೆ. ಬೇಡ ಅಂತ ಅಪ್ಪನ್ ಮುಂದೆ ಹೇಳಕ್ಕಾಗಲ್ಲ. ನೀವು ಹೇಳ್ತೀನಿ ಅಂದ್ರಲ್ಲ.”

ಬಸ್ಸಿನಲ್ಲಿ ಕಲಿತ ಬಾಯಿಪಾಠವೆಲ್ಲ ನಾಲಿಗೆಯ ಮೇಲೆ ಒಣಗಿತು. ವೇಣು ತಲೆಯಾಡಿಸಿದ. ರಾಮಾಂಜಿನಪ್ಪ ತಿರುಗಿ ನಿಂತು, “ಏನು, ನೀವು ಅಂದಿದ್ದು ನಿಜಾನೇನ್ರೀ?” ಅಂದರು.

“ನಿಜ ಯಜಮಾನ್ರೇ. ನಾನೇ ಬೇಡ ಅಂದೆ.”

ಆಮೇಲೆ ಅವರು ಬೈದದ್ದು ಮಗ್ಗದ ಸದ್ದಿನಲ್ಲಿ ಒಂದೂ ಕೇಳಲಿಲ್ಲ. ತಿಳಿಯದೆ ಉಳಿದದ್ದೂ ಒಂದೂ ಇರಲಿಲ್ಲ.

ಮನೆಗೆ ಬಂದರೆ ಆದಿಲಕ್ಷ್ಮಮ್ಮ ಹೊಸ್ತಿಲಲ್ಲೇ ಕಾಯುತ್ತಿದ್ದರು. “ಚಿನ್ನದಂತ ಹುಡುಗೀಲಿ ಏನ್ ಐಬು ಕಂಡ್ಯೋ ನೀನು?”

“ಅವಳಲ್ಲಿ ಏನೂ ಇಲ್ಲಮ್ಮ. ಐಬು ನಂದೇ.”

“ಅದು ಊರಿಗೇ ಗೊತ್ತು ಬಿಡು. ಕಾರಣ ಹೇಳು.”

ವೇಣು ಒಂದು ಚಪ್ಪಲಿ ಬಿಟ್ಟ, ಮತ್ತೆ ಮೆಟ್ಟಿಕೊಂಡ. ಹೇಳುವಂಥ ಕಾರಣ ಒಂದೇ ಇತ್ತು, ಅದು ಅವನದಲ್ಲ.